ಒಲ್ಲದ ಬಾಯಿಗೆ ಹೊಸ ಊಟ: ಜಪಾನ್, ಕೊರಿಯಾ, ಇಥಿಯೋಪಿಯಾ

ವಾಷಿಂಗ್ಟನ್ ಡಿ.ಸಿ. ಸುತ್ತಮುತ್ತ ನೆಲೆಸಿರುವ ನಮ್ಮ ಗೆಳೆಯರ ಗುಂಪಿನಲ್ಲಿ ಹೊಸ ಹೋಟೆಲಿಗೆ ಕೊಟ್ಟಕೊನೆಗೆ ಒಪ್ಪುವವನು ನಾನು. ಮೊಟ್ಟೆಯನ್ನೂ ತಿನ್ನದ ನನಗೆ, ಗೊತ್ತಿಲ್ಲದ ಅಡುಗೆಯಲ್ಲಿ ಏನೇನು ಬಿದ್ದಿದೆಯೋ ಎಂಬ ಅಳುಕಿಗೇ ಅರ್ಧ ಹಸಿವು ಇಂಗಿಹೋಗುತ್ತದೆ. ಗೆಳೆಯರ ಒತ್ತಾಯಕ್ಕೆ ಮಣಿದು ಜಪಾನ್, ಕೊರಿಯಾ, ಇಥಿಯೋಪಿಯಾ ಮೂರರ ಊಟವನ್ನೂ ಉಂಡು ನೋಡಿದ ಮೇಲೆ, ನನ್ನಂಥ ಸಸ್ಯಾಹಾರಿಗಳಿಗೆ ಇಥಿಯೋಪಿಯಾದ್ದೇ ಸರಿ ಎಂದು ಖಚಿತವಾಗಿ ಹೇಳಬಲ್ಲೆ.

ಜಪಾನೀ ಅಡುಗೆ ಕಣ್ಣಿಗೆ ಹಬ್ಬ. ಆದರೆ ಅದರ ಬಹುಪಾಲು ಸಾರುಗಳ ಬುನಾದಿಯಾದ ದಾಶಿಯನ್ನು ಸಾಮಾನ್ಯವಾಗಿ ಒಣಗಿಸಿದ ಮೀನಿನ ಎಸಳುಗಳಿಂದ ತೆಗೆಯುತ್ತಾರಾದ್ದರಿಂದ, ಸೋಯಾ ಪನೀರಾದ ತೋಫು ಮಾತ್ರ ತೇಲುವ ಮಿಸೊ (ಹುದುಗಿಸಿದ ಸೋಯಾ) ಸೂಪಿನಲ್ಲೂ ಮೀನಿನ ಸಾರ ಸೇರಿರುತ್ತದೆ. ಕಡಲಪಾಚಿ ಮತ್ತು ಅಣಬೆಯಿಂದಲೇ ದಾಶಿ ಮಾಡುವ ಬೌದ್ಧ ಮಠಗಳ ಪಾಕಪದ್ಧತಿಯೂ ಅಲ್ಲಿದೆ. ನಾವು ಹೋದ ಕಡೆ ಅದು ಸಿಗಲಿಲ್ಲ. ನನ್ನ ಪಾಲಿಗೆ ಉಳಿದದ್ದು ಸೌತೆಕಾಯಿಯ ಸುಶಿ ಮಾತ್ರ, ಅದಕ್ಕೆ ತೆತ್ತ ಹಣಕ್ಕೆ ಹೊಟ್ಟೆ ತುಂಬಲಿಲ್ಲ.

ಕೊರಿಯಾದ ಬಿಬಿಂಬಾಪ್ ಅನ್ನ ಕಲಸಿ ಉಣ್ಣುವವರಿಗೆ ಹಿಡಿಸುತ್ತದೆ, ಮಾಂಸ, ಮೊಟ್ಟೆ ಬೇಡವೆಂದರಾಯಿತು. ಹುಳಿಬರಿಸಿದ ಎಲೆಕೋಸಿನ ಉಪ್ಪಿನಕಾಯಿಯಾದ ಕಿಮ್ಚಿಗೆ ಮಾತ್ರ ಉಪ್ಪು ಹಾಕಿದ ಸಿಗಡಿಯನ್ನೋ ಮೀನಿನ ರಸವನ್ನೋ ಸೇರಿಸುವ ರೂಢಿಯಿದೆ.

ಇಥಿಯೋಪಿಯಾದಲ್ಲಿ ಈ ತಾಪತ್ರಯವೇ ಇಲ್ಲ. ಅಲ್ಲಿನ ಆರ್ಥಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮತ್ತು ಈಸ್ಟರ್‌ಗೆ ಮುನ್ನ 55 ದಿನ ಮಾಂಸ, ಹಾಲು, ಮೊಟ್ಟೆಗಳನ್ನು ಬಿಡುವುದರಿಂದ, ಬೇಳೆ ಮತ್ತು ಸೊಪ್ಪಿನ ಅಡುಗೆ ಅಲ್ಲಿ ತಲೆತಲಾಂತರದಿಂದ ಬೆಳೆದುಬಂದಿದೆ. ಸಸ್ಯಾಹಾರಿಗೆಂದು ಅದರಿಂದ ಏನನ್ನೂ ಕಿತ್ತು ಹಾಕಬೇಕಾಗಿಲ್ಲ. ಅಗಲವಾದ ಹರಿವಾಣದ ಮೇಲೆ ಟೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಹುಳಿಬರಿಸಿ, ಮಗುಚದೆ ಒಂದೇ ಮಗ್ಗುಲು ಬೇಯಿಸಿದ ಇಂಜೆರಾ ಹಾಸಿರುತ್ತದೆ. ಮೈತುಂಬ ಕಣ್ಣು ಬಿದ್ದ, ಬೆರಳಿಟ್ಟರೆ ಒದ್ದೆ ಸ್ಪಂಜಿನಂತೆ ತಗ್ಗುವ ಅದರ ಮೇಲೆ ಬೆರ್ಬೆರೆ ಮಸಾಲೆಯ ಕೆಂಪು ಬೇಳೆ, ಅರಿಸಿನ ಹಾಕಿದ ಸಪ್ಪೆ ಬೇಳೆ, ಬೇಯಿಸಿದ ಸೊಪ್ಪು, ಕಡಲೆಹಿಟ್ಟಿನ ಶಿರೋ ಗುಪ್ಪೆಗುಪ್ಪೆಯಾಗಿ ಕೂತಿರುತ್ತವೆ. ಬೆರ್ಬೆರೆಯ ಒಣಮೆಣಸಿನಕಾಯಿ ಮತ್ತು ಮೆಂತ್ಯದ ಘಮಕ್ಕೇ ನನ್ನ ಅಳುಕು ಅರ್ಧ ಇಳಿಯಿತು. ನಮ್ಮ ರಾಗಿಯ ಮೂಲವೂ ಪೂರ್ವ ಆಫ್ರಿಕಾದ ಎತ್ತರದ ಸೀಮೆಯೇ ಆಗಿರುವಾಗ ಈ ನಂಟು ಸಹಜವೇ ಸರಿ.

ತೊಡಕು ಬಂದದ್ದು ಎಂಜಲಿನದು. ಹರಿವಾಣ ಒಂದೇ, ಕೈ ಹಾಕುವವರು ನಾಲ್ವರು. ತಟ್ಟೆಯ ಅಗುಳು ಪಕ್ಕದ ತಟ್ಟೆಗೆ ಸಿಡಿಯಬಾರದೆಂದು ಹೇಳಿಸಿಕೊಂಡೇ ಬೆಳೆದವನಿಗೆ ಇದು ಸಣ್ಣ ಸಂಗತಿಯಲ್ಲ, ಗೆಳೆಯರು ಎಷ್ಟೇ ಆಪ್ತರಾದರೂ ಕೈ ಮುಂದೆ ಹೋಗುವುದಿಲ್ಲ. ಬೇರೆ ತಟ್ಟೆ ಕೇಳಿದೆ, ಬೇಸರಿಸದೆ ಕೊಟ್ಟರು. ಆದರೆ ಹಾಗೆ ಬಡಿಸಿಕೊಂಡರೆ ರಸವೆಲ್ಲ ಹೀರಿಕೊಂಡ ತಳದ ಇಂಜೆರಾ, ಅಂದರೆ ಆ ಊಟದ ಅತ್ಯಂತ ರುಚಿಯಾದ ಭಾಗ, ನಮ್ಮ ಪಾಲಿಗೆ ಬರುವುದಿಲ್ಲ.

ಬಡಿಸುತ್ತಿದ್ದ ಹೆಂಗಸು ಉಣ್ಣುವ ಕ್ರಮವನ್ನು ಮಾಡಿ ತೋರಿಸಿದ ಮೇಲೆಯೇ ನನಗೆ ಸಮಾಧಾನವಾದದ್ದು. ಊಟಕ್ಕೆ ಮುಂಚೆ ಎಲ್ಲರೂ ಕೈ ತೊಳೆಯುತ್ತಾರೆ. ಬಲಗೈಯಿಂದ ಇಂಜೆರಾದ ಒಂದು ತುಂಡು ಹರಿದು, ಅದರಲ್ಲೇ ಪಲ್ಯವನ್ನು ಹಿಡಿದೆತ್ತಿ, ಒಂದೇ ತುತ್ತಿಗೆ ಬಾಯಿಗಿಡುತ್ತಾರೆ. ಕಚ್ಚಿದ ತುಂಡು ಹರಿವಾಣಕ್ಕೆ ಮರಳುವುದಿಲ್ಲ, ಬೆರಳು ನೆಕ್ಕುವ ಹಾಗಿಲ್ಲ, ಪ್ರತಿಯೊಬ್ಬರೂ ತಮ್ಮೆದುರಿನ ಭಾಗದಿಂದಷ್ಟೇ ತೆಗೆಯುತ್ತಾರೆ. ನಾವು ಕೈಯಲ್ಲಿ ಉಣ್ಣುವಾಗ ಪಾಲಿಸುವುದಕ್ಕಿಂತ ಇದು ಬಿಗಿಯಾದ ಶಿಸ್ತು. ಆದರೆ ಪ್ರೀತಿಯಿಂದ ಒಬ್ಬರು ಇನ್ನೊಬ್ಬರ ಬಾಯಿಗೆ ತುತ್ತಿಡುವ ಗುರ್ಷಾ ಪದ್ಧತಿಗೆ ನಾನಿನ್ನೂ ಒಗ್ಗಿಲ್ಲ, ಕೈಮುಗಿದು ಬೇಡವೆನ್ನುತ್ತೇನೆ. ನಮ್ಮ ಗುಂಪಿನಲ್ಲಿ ಯಾರೂ ತಪ್ಪು ತಿಳಿದಿಲ್ಲ.

ಇಂಜೆರಾದ ಹುಳಿ ನಮ್ಮ ದೋಸೆಗಿಂತ ತುಸು ಹೆಚ್ಚು. ಹೊಟ್ಟೆ ಭಾರವೆನಿಸುವುದರಿಂದ ನನಗೆ ರಾತ್ರಿಗಿಂತ ಮಧ್ಯಾಹ್ನದ ಊಟಕ್ಕೇ ಲೇಸು. ಗೋಧಿ ಒಗ್ಗದವರು ಬರೀ ಟೆಫ್‌ನದೇ ಎಂದು ಕೇಳಿ ತಿಳಿದುಕೊಳ್ಳಬೇಕು, ಬೇರೆ ಹಿಟ್ಟು ಬೆರೆಸುವವರೂ ಇದ್ದಾರೆ.

ಖರ್ಚಿನ ಲೆಕ್ಕದಲ್ಲೂ ಇದೇ ಮೇಲು: ಸುಶಿಗೆ ನಾನೊಬ್ಬನೇ ತೆತ್ತ ಹಣದಲ್ಲಿ ಇಲ್ಲಿ ಇಬ್ಬರು ಹೊಟ್ಟೆ ತುಂಬ ಉಂಡೆವು. ಮೊದಲ ಸಲ ಹೋಗುವವರು ಮಾಂಸ, ಹಾಲು, ಮೊಟ್ಟೆ ಬಿಟ್ಟ ಆ ಉಪವಾಸದ ಹರಿವಾಣವನ್ನೇ ಕೇಳಲಿ. ಉಳಿದ ಅಡುಗೆಗೆ ಬಳಸುವ ನಿಟರ್ ಕಿಬ್ಬೆ ಮಸಾಲೆ ಹಾಕಿ ಕಾಯಿಸಿದ ತುಪ್ಪವಷ್ಟೇ ಆದ್ದರಿಂದ, ಹಾಲು ಮೊಸರು ತಿನ್ನುವವರು ಅದಕ್ಕೆ ಹೆದರಬೇಕಿಲ್ಲ.