ಬಿನ್ನವತ್ತಳೆಯ ಅಂಗಡಿಯಲ್ಲಿ ‘ಅರ್ಹ’ರ ಪಾಡು

ಮಂಡ್ಯ ಜಿಲ್ಲೆಯ ಶಾಲೆಗಳಲ್ಲಿ 32 ವರ್ಷ ಪಾಠ ಮಾಡಿ ನಿವೃತ್ತರಾಗುತ್ತಿದ್ದ ಸಹೋದ್ಯೋಗಿಯೊಬ್ಬರಿಗೆ ಅರ್ಪಿಸಬೇಕಿದ್ದ ಬಿನ್ನವತ್ತಳೆಯನ್ನು ಅಚ್ಚು ಹಾಕಿಸಿ ಕಟ್ಟು ಹಾಕಿಸಲು ಕಳೆದ ತಿಂಗಳು ಮೈಸೂರಿನ ಶಿವರಾಂಪೇಟೆಯ ಅಂಗಡಿಯೊಂದಕ್ಕೆ ಹೋಗಿದ್ದೆ. ಕಟ್ಟಿನ ಕೆಲಸದ ಬಗ್ಗೆ ದೂರಿಲ್ಲ. ಮೂಲೆಗಳಲ್ಲಿ ಸಂದು ಕಾಣುವುದಿಲ್ಲ, ಗಾಜಿನೊಳಗೆ ಧೂಳಿಲ್ಲ, 850 ರೂಪಾಯಿ ನ್ಯಾಯವಾದ ಬೆಲೆ. ತಕರಾರು ಇರುವುದು ಒಂದೇ ಪದದ ಬಗ್ಗೆ.

ನಾನು ಬರೆದುಕೊಟ್ಟದ್ದು ‘ಈ ಗೌರವಕ್ಕೆ ಸರ್ವಥಾ ಅರ್ಹರು’ ಎಂದು. ಮೊದಲ ಕರಡಿನಲ್ಲಿ ಅದು ‘ಅಹ್ರರು’ ಆಗಿತ್ತು. ಅರ್ಕಾವೊತ್ತು ಉಚ್ಚಾರಣೆಯಲ್ಲಿ ಹಕಾರಕ್ಕಿಂತ ಮೊದಲು ಬಂದರೂ ಬರವಣಿಗೆಯಲ್ಲಿ ಅದರ ಬಲಕ್ಕೆ ಕೂರುವುದರಿಂದ, ಬಾಯಲ್ಲಿ ಹೇಳಿಕೊಳ್ಳದೆ ಬರಿಗಣ್ಣಿನಲ್ಲಿ ನೋಡಿ ಟೈಪ್ ಮಾಡುವವರು ಇಲ್ಲಿ ಎಡವುತ್ತಾರೆ. ತರಗತಿಯಲ್ಲಿ ಲೆಕ್ಕವಿಲ್ಲದಷ್ಟು ಸಲ ಇದನ್ನು ತಿದ್ದಿದವನಾದ್ದರಿಂದ ಸುಮ್ಮನೆ ಗುರುತು ಹಾಕಿ ಕೊಟ್ಟೆ. ಎರಡನೆಯ ಕರಡಿನಲ್ಲಿ ಪದವೇ ಬದಲಾಗಿ ‘ಯೋಗ್ಯರು’ ಎಂದಿತ್ತು. ಕಂಪ್ಯೂಟರ್ ಮುಂದಿದ್ದ ಹುಡುಗ, “ಎರಡೂ ಒಂದೇ ಅಲ್ವಾ ಸಾರ್, ಇದಾದ್ರೆ ಒತ್ತಿನ ತಾಪತ್ರಯ ಇಲ್ಲ” ಎಂದ. ‘ಗ್ಯ’ದಲ್ಲಿ ಒತ್ತಿಲ್ಲವೇ ಎಂದು ನಾನು ಕೇಳಲಿಲ್ಲ.

ಎರಡೂ ಒಂದೇ ಅಲ್ಲ. ‘ಯೋಗ್ಯ’ ಎಂಬುದು ಕೂಡು, ಹೊಂದು ಎಂಬ ಅರ್ಥದ ‘ಯುಜ್’ ಧಾತುವಿನಿಂದ ಬಂದದ್ದು. ಆದ್ದರಿಂದಲೇ ನೀರು ಕುಡಿಯಲು ಯೋಗ್ಯ, ರಸ್ತೆ ಸಂಚಾರಕ್ಕೆ ಯೋಗ್ಯ. ‘ಅರ್ಹ’ ಎನ್ನುವಾಗ ಮಾಡಿದ್ದಕ್ಕೆ ಸಲ್ಲಬೇಕಾದದ್ದು ಎಂಬ ಲೆಕ್ಕ ಒಳಗಿರುತ್ತದೆ. ಒಳ್ಳೆಯದು ಮಾಡಿದರೆ ಪ್ರಶಂಸಾರ್ಹ, ಕೆಟ್ಟದ್ದಾದರೆ ಅದೇ ಪದ ಶಿಕ್ಷಾರ್ಹ ಎಂದೂ ಆಗುತ್ತದೆ. ಮೂರು ದಶಕ ದುಡಿದವರನ್ನು ಯೋಗ್ಯರು ಎಂದಷ್ಟೇ ಬರೆದರೆ, ಈಗ ತಾನೇ ಕೆಲಸಕ್ಕೆ ಸೇರಿಸಿಕೊಳ್ಳಲು ಅಡ್ಡಿಯಿಲ್ಲ ಎಂದು ಷರಾ ಬರೆದಂತಾಗುತ್ತದೆ. ಸಾಲದ್ದಕ್ಕೆ, ನಮ್ಮ ಕಡೆ ‘ನಿನ್ ಯೋಗ್ಯತೆಗಿಷ್ಟು’ ಎನ್ನುವುದು ಜಗಳದ ಮಾತು. ಮಳವಳ್ಳಿಯಿಂದ ಬರಲಿದ್ದ ಅವರ ನೆಂಟರ ಮುಂದೆ ಆ ಪದವನ್ನು ಓದಲು ನನಗೆ ಧೈರ್ಯವಿರಲಿಲ್ಲ.

ಮಾಲೀಕರು ವಾದ ಮಾಡಲಿಲ್ಲ. ಮೂರನೆಯ ಕರಡನ್ನು ತಾವೇ ಕೂತು ಸರಿಪಡಿಸಿದರು, ಹೆಚ್ಚಿನ ಹಣವನ್ನೂ ಕೇಳಲಿಲ್ಲ. ಆದರೆ ಎರಡು ದಿನದ ಕೆಲಸ ನಾಲ್ಕು ದಿನವಾಗಿ, ಸಮಾರಂಭದ ದಿನ ಬೆಳಿಗ್ಗೆ ಬಾಗಿಲು ತೆಗೆಯುವುದನ್ನೇ ಕಾದು ತರಬೇಕಾಯಿತು. ಅಲ್ಲಿಗೆ ಹೋಗುವವರು ಕಟ್ಟು ಹಾಕುವ ಮೊದಲು ಕರಡನ್ನು ಗಟ್ಟಿಯಾಗಿ ಓದಿ ನೋಡುವುದು ಒಳ್ಳೆಯದು. ನಮ್ಮದರಲ್ಲಿ ಅರ್ಕಾವೊತ್ತು ಪಕ್ಕದ ‘ರು’ವಿಗೆ ಕೊಂಚ ತಗುಲಿಕೊಂಡಿದೆ, ವೇದಿಕೆಯ ಕೆಳಗೆ ಕೂತವರಿಗೆ ಅದು ಕಾಣಲಿಲ್ಲ.