‘ಟರ್ಮಿನೇಟಿಂಗ್’ ಎಂದು ಕಂಡರೆ ಪಾಡ್ ಮುಟ್ಟಬೇಡಿ

ತಂತ್ರಾಂಶಗಳನ್ನು ಹಲವು ಯಂತ್ರಗಳಲ್ಲಿ ನಡೆಸುವ ಕುಬರ್ನೆಟೀಸ್‌ನ ಪಿವಿಸಿಗಳನ್ನು (ತಂತ್ರಾಂಶಕ್ಕೆ ಡಿಸ್ಕ್ ಜಾಗ ಕೇಳುವ ಕೋರಿಕೆಗಳನ್ನು) ಪೈಥಾನ್ ಸ್ಕ್ರಿಪ್ಟ್‌ನಿಂದ ಅಳಿಸುವವರು ದಯವಿಟ್ಟು ಇದನ್ನು ಓದಿ. ಕೋಲಾರದ ಟೊಮೆಟೊ ಮಂಡಿಯೊಂದರ ಲೆಕ್ಕದ ತಂತ್ರಾಂಶ ನೋಡಿಕೊಳ್ಳುವ ಕೆಲಸ ನನ್ನದು. ಯಾವ ರೈತರು 15 ಕೆಜಿಯ ಎಷ್ಟು ಬಾಕ್ಸ್ ತಂದರು, ಹರಾಜು ಯಾವ ದರಕ್ಕೆ ನಿಂತಿತು, ಎಲ್ಲವೂ ಒಂದೇ ಡೇಟಾಬೇಸ್‌ನಲ್ಲಿತ್ತು.

ಪರೀಕ್ಷೆಗೆಂದು ಮಾಡಿದ್ದ ಹಳೆಯ ಪಿವಿಸಿಗಳು ಆ ಡೇಟಾಬೇಸ್ ಇದ್ದ ನೇಮ್‌ಸ್ಪೇಸ್‌ನಲ್ಲೇ (ಕುಬರ್ನೆಟೀಸ್‌ನೊಳಗಿನ ಒಂದು ವಿಭಾಗದಲ್ಲಿ) ಬಿದ್ದಿದ್ದವು. ಒಂದು ಲೇಬಲ್ ಇರುವುದನ್ನೆಲ್ಲ ಒಟ್ಟಿಗೆ ಅಳಿಸುವ ‘ಡಿಲೀಟ್ ಕಲೆಕ್ಷನ್’ ಬಳಸಿದೆ. ಯಾವ ಲೇಬಲ್ ಎಂದು ಹೇಳುವ ಲೇಬಲ್ ಸೆಲೆಕ್ಟರ್, ಟರ್ಮಿನಲ್‌ನಲ್ಲಿ ಮೊದಲೇ ಇಟ್ಟ ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ ಬರಬೇಕಿತ್ತು. ಆ ದಿನ ಹೊಸ ಟರ್ಮಿನಲ್ ತೆರೆದಿದ್ದೆ, ವೇರಿಯಬಲ್ ಸೆಟ್ ಆಗಿರಲಿಲ್ಲ. ಸೆಲೆಕ್ಟರ್ ಖಾಲಿ ಹೋದರೆ ಕುಬರ್ನೆಟೀಸ್ ನೇಮ್‌ಸ್ಪೇಸ್‌ನಲ್ಲಿರುವ ಎಲ್ಲವನ್ನೂ ಆರಿಸಿಕೊಳ್ಳುತ್ತದೆ. ಒಂದು ಎಚ್ಚರಿಕೆಯ ಸಾಲೂ ಬರದೆ ಸ್ಕ್ರಿಪ್ಟ್ ಮುಗಿಯಿತು.

ಪಟ್ಟಿ ತೆಗೆದು ನೋಡಿದರೆ ಡೇಟಾಬೇಸ್‌ನ ಪಿವಿಸಿ ಮಾತ್ರ ಉಳಿದಿತ್ತು, ಅದರ ಮುಂದೆ ‘ಟರ್ಮಿನೇಟಿಂಗ್’ ಎಂದಿತ್ತು. ಆ ಕ್ಷಣದಲ್ಲಿ ಒಂದು ಸಾಲಿನ ಲೆಕ್ಕವೂ ಕಳೆದಿರಲಿಲ್ಲ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಪಾಡ್, ಅಂದರೆ ತಂತ್ರಾಂಶ ನಡೆಯುವ ಘಟಕ, ಬಳಸುತ್ತಿರುವ ಪಿವಿಸಿ ತಕ್ಷಣ ಅಳಿಯುವುದಿಲ್ಲ. ಅಳಿಸುವುದನ್ನು ತಡೆಯುವ ಫೈನಲೈಸರ್ ಎಂಬ ಗುರುತು ಅದನ್ನು ಹಿಡಿದಿಟ್ಟಿರುತ್ತದೆ. ನಾನೋ, ಏನೋ ಸಿಕ್ಕಿಹಾಕಿಕೊಂಡಿದೆ ಎಂದುಕೊಂಡು ಪಾಡ್ ರೀಸ್ಟಾರ್ಟ್ ಮಾಡಿದೆ. ಹಿಡಿತ ಸಡಿಲಿತು, ಪಿವಿಸಿ ಹೋಯಿತು. ಪಿವಿಸಿ ಹೋದ ಮೇಲೆ ಡಿಸ್ಕ್ ಏನಾಗಬೇಕೆಂದು ಹೇಳುವ ರಿಕ್ಲೇಮ್ ಪಾಲಿಸಿ ‘ಡಿಲೀಟ್’ ಆಗಿದ್ದುದರಿಂದ ಪಿವಿಯೂ (ಪಿವಿಸಿಗೆ ಸಿಕ್ಕ ವಾಲ್ಯೂಮ್) ಅದರ ಹಿಂದಿನ ಡಿಸ್ಕೂ ಜೊತೆಗೇ ಹೋದವು. ವಾಲ್ಯೂಮ್ ಹೇಗಿರಬೇಕೆಂದು ಹೇಳುವ ಸ್ಟೋರೇಜ್ ಕ್ಲಾಸ್‌ನಲ್ಲಿ ಬೇರೆ ಹೇಳದಿದ್ದರೆ, ತಾನಾಗಿ ಸೃಷ್ಟಿಯಾಗುವ ವಾಲ್ಯೂಮ್‌ಗಳಿಗೆಲ್ಲ ಇದೇ ಪಾಲಿಸಿ.

ನಮ್ಮ ಬ್ಯಾಕಪ್ 11 ದಿನ ಹಳೆಯದು. ಅಷ್ಟೂ ದಿನಗಳ ಹರಾಜನ್ನು ಮಂಡಿಯ ಕಾರ್ಬನ್ ಚೀಟಿಗಳನ್ನು ನೋಡಿ ಮತ್ತೆ ತುಂಬಿದೆವು. ಹಣ್ಣಿನ ರಸ ತಾಗಿ ಅಂಕಿ ಕದಡಿದ್ದ ಚೀಟಿಗಳಿಗಾಗಿ ರೈತರಿಗೇ ಫೋನ್ ಮಾಡಿ, ‘ಅಣ್ಣಾ, ಅವತ್ತು ಎಷ್ಟು ಬಾಕ್ಸ್ ಹಾಕಿದ್ದಿರಿ?’ ಎಂದು ಕೇಳಬೇಕಾಯಿತು. ಅವರ ದುಡಿಮೆಯ ಲೆಕ್ಕವನ್ನು ಅವರಲ್ಲೇ ಕೇಳುವುದು ನನಗೆ ಬಹಳ ಕಷ್ಟವಾಯಿತು.

ನಿಮಗೆ ಹೀಗಾದರೆ ಪಾಡ್ ನಡೆಯುತ್ತಲೇ ಇರಲಿ. ಮೊದಲು ಪಿವಿಯ ಪಾಲಿಸಿಯನ್ನು ‘ರಿಟೇನ್’ (ಉಳಿಸಿಕೋ) ಎಂದು ಪ್ಯಾಚ್ ಮಾಡಿ, ಆಮೇಲೆ ಡೇಟಾಬೇಸ್‌ನ ಡಂಪ್ (ಪೂರ್ಣ ಪ್ರತಿ) ತೆಗೆದು ಬೇರೆ ಯಂತ್ರದಲ್ಲಿಡಿ. ಅಳಿಸುವ ಆದೇಶವನ್ನು ಹಿಂಪಡೆಯಲಾಗದು. ಆದರೆ ಪಿವಿಸಿ ಹೋದ ಮೇಲೂ ಪಿವಿ ‘ರಿಲೀಸ್ಡ್’ ಸ್ಥಿತಿಯಲ್ಲಿ ಉಳಿಯುತ್ತದೆ. ಅದರಲ್ಲಿರುವ ಹಳೆಯ ಪಿವಿಸಿಯ ಕೊಂಡಿಯಾದ ಕ್ಲೇಮ್‌ರೆಫ್ ತೆಗೆದು ಹೊಸ ಪಿವಿಸಿಗೆ ಜೋಡಿಸಬಹುದು.

ಈಗ ನನ್ನ ಸ್ಕ್ರಿಪ್ಟ್ ಸೆಲೆಕ್ಟರ್ ಖಾಲಿಯಿದ್ದರೆ ಮೊದಲ ಸಾಲಿನಲ್ಲೇ ನಿಲ್ಲುತ್ತದೆ. ಖಾಲಿಯಿಲ್ಲದಿದ್ದರೆ, ಅದೇ ಸೆಲೆಕ್ಟರ್‌ನಿಂದ ಪಟ್ಟಿ ತೆಗೆದು ಪ್ರತಿ ಪಿವಿಸಿಯ ಹೆಸರನ್ನೂ ಮುದ್ರಿಸುತ್ತದೆ. ಅಳಿಸಬೇಕಾದುದರ ಹೆಸರನ್ನು ನಾನು ಕೈಯಾರೆ ಟೈಪ್ ಮಾಡಿದ ಮೇಲಷ್ಟೇ ಮುಂದೆ ಹೋಗುತ್ತದೆ, ಅದೂ ಒಂದು ಸಲಕ್ಕೆ ಒಂದನ್ನೇ.