ಏರ್ ಫ್ರೈಯರ್‌ನಲ್ಲಿ ಎಂಚಿಲಾಡ: ತೀರ್ಥಹಳ್ಳಿಯ ಅಡುಗೆಮನೆಯಲ್ಲಿ ನಾಲ್ಕು ತಿಂಗಳ ಬಳಕೆಯ ನಂತರ

ಟೆಕ್ಸಾಸ್‌ನಲ್ಲಿ ಎರಡು ವರ್ಷ ಓದಿ ಬಂದ ನನ್ನ ತಂಗಿಯ ಮಗಳು ಮಾರ್ಚ್ ತಿಂಗಳಲ್ಲಿ ನಮ್ಮ ಮನೆಯಲ್ಲಿ ಉಳಿದುಕೊಂಡಿದ್ದಾಗ, ಅಲ್ಲಿ ತಿಂದ ಎಂಚಿಲಾಡವನ್ನು, ಎಂದರೆ ರೊಟ್ಟಿಯೊಳಗೆ ಹೂರಣ ಸುತ್ತಿ ಮೆಣಸಿನಕಾಯಿ ಸಾಸ್ ಹಾಕಿ ಮಾಡುವ ಮೆಕ್ಸಿಕೋದ ತಿನಿಸನ್ನು, ಇಲ್ಲಿಯೂ ಮಾಡಬೇಕೆಂದು ಹಟ ಹಿಡಿದಳು. ಸುರುಳಿ ಸುತ್ತಿ ಬೇಯಿಸುವುದೆಂದರೆ ನನಗೆ ಮೊದಲು ನೆನಪಾಗುವುದು ಪತ್ರೊಡೆ. ಆದ್ದರಿಂದ ಇಡ್ಲಿ ಪಾತ್ರೆಯನ್ನೇ ಒಲೆಗೆ ಇಡಲು ಹೊರಟಾಗ ಅವಳು ನಕ್ಕು, "ದೊಡ್ಡಮ್ಮಾ, ಇದಕ್ಕೆ ಹಬೆ ಆಗುವುದಿಲ್ಲ, ಒಣ ಬಿಸಿಯೇ ಬೇಕು" ಎಂದಳು. ನಮ್ಮಲ್ಲಿ ಓವನ್ ಇರಲಿಲ್ಲ. ಶಿವಮೊಗ್ಗದ ನೆಹರು ರಸ್ತೆಯ ಅಂಗಡಿಯೊಂದರಿಂದ 5,800 ರೂಪಾಯಿ ಕೊಟ್ಟು 4 ಲೀಟರಿನ, 1,500 ವ್ಯಾಟಿನ ಏರ್ ಫ್ರೈಯರ್ ತಂದದ್ದು ಹೀಗೆ.

ಹೆಸರಿನಲ್ಲಿ ಫ್ರೈ ಇದ್ದರೂ ಇದು ಏನನ್ನೂ ಕರಿಯುವುದಿಲ್ಲ. ಮೇಲ್ಭಾಗದಲ್ಲಿ ಕಾಯಿಲ್ ಇದೆ, ಅದರ ಮೇಲೆ ಫ್ಯಾನ್ ಇದೆ; ಕಾದ ಗಾಳಿ ರಭಸದಿಂದ ಕೆಳಗಿಳಿದು ತೂತುಗಳ ಬುಟ್ಟಿಯ ಸುತ್ತ ಸುಳಿಯುತ್ತದೆ. ಪುಟ್ಟ ಓವನ್ ಎಂದು ತಿಳಿದು ಕೊಂಡವರಿಗೆ ನಿರಾಸೆಯಾಗಲಾರದು, ಎಣ್ಣೆಯಿಲ್ಲದೆ ಬೋಂಡ ಕರಿಯಬಹುದೆಂಬ ಅಂಗಡಿಯವರ ಮಾತನ್ನು ನಂಬಿ ಕೊಂಡವರಿಗೆ ಖಂಡಿತ ಆಗುತ್ತದೆ.

ಯಂತ್ರದ ಜೊತೆ ಬಂದ ಪುಸ್ತಿಕೆಯಲ್ಲಿ ಎಂಚಿಲಾಡಕ್ಕೆ ಕೊಟ್ಟಿರುವುದು ಒಂದೇ ಸಾಲು: ಸುರುಳಿಗಳನ್ನು ಬುಟ್ಟಿಯಲ್ಲಿ ಜೋಡಿಸಿ, ಸಾಸ್ ಸುರಿದು, 180 ಡಿಗ್ರಿಯಲ್ಲಿ 10 ನಿಮಿಷ ಇಡಿ. ಚಪಾತಿಯಲ್ಲೇ ಸುರುಳಿ ಸುತ್ತಿ ಹಾಗೆಯೇ ಮಾಡಿದೆವು. ಸಾಸೆಲ್ಲ ತೂತುಗಳಿಂದ ಕೆಳಗೆ ಸೋರಿ ಸೀದು ಹೊಗೆಯಾಯಿತು. ಗಾಳಿಯ ಹೊಡೆತಕ್ಕೆ ಚಪಾತಿಯ ಅಂಚುಗಳು ಮೇಲೆದ್ದು ಕರಕಲಾದವು. ಮೆಣಸಿನಕಾಯಿಯ ಘಾಟು ಜಗಲಿಯವರೆಗೂ ಹಬ್ಬಿ ಎಲ್ಲರೂ ಕೆಮ್ಮುವಂತಾಯಿತು. ಎರಡನೆಯ ಸಲ ಏಳು ಅಂಗುಲದ ಕೇಕ್ ತಟ್ಟೆಯಲ್ಲಿ ಜೋಡಿಸಿ ಇಟ್ಟಾಗ ಸೋರುವುದೇನೋ ನಿಂತಿತು, ಆದರೆ ತಟ್ಟೆ ಕೆಳಗಿನ ಗಾಳಿಯನ್ನು ತಡೆದದ್ದರಿಂದ ಮೇಲ್ಭಾಗ ಗರಿಗರಿಯಾಗಿ, ತಳ ನೆನೆದ ಬ್ರೆಡ್ಡಿನಂತೆ ಮೆತ್ತಗಾಯಿತು.

ಐದನೆಯ ಪ್ರಯತ್ನಕ್ಕೆ ಒಂದು ಕ್ರಮ ಸಿದ್ಧಿಸಿತು. ಸುರುಳಿಗಳ ಹೊರಮೈಗೆ ಎಣ್ಣೆ ಸವರಿ, ಅಂಚು ಅಡಿಗೆ ಬರುವಂತೆ ಬುಟ್ಟಿಯಲ್ಲಿ ಒತ್ತಾಗಿ ಜೋಡಿಸಿ, ಸಾಸ್ ಹಾಕದೆ 180 ಡಿಗ್ರಿಯಲ್ಲಿ 5 ನಿಮಿಷ ಇಡಬೇಕು. ಮೈ ತುಸು ಗಟ್ಟಿಯಾದ ಮೇಲೆ ಅವನ್ನು ಸ್ಟೀಲ್ ತಟ್ಟೆಗೆ ವರ್ಗಾಯಿಸಿ, ಬಿಸಿ ಸಾಸ್ ಸುರಿದು, ಮತ್ತೆ 6 ನಿಮಿಷ ಬೇಯಿಸಬೇಕು. ಚೀಸನ್ನು ಕೊನೆಯ 3 ನಿಮಿಷಗಳಿಗೆ ಮಾತ್ರ ಹಾಕಬೇಕು. ತುರಿದ ಚೀಸ್ ಹಗುರವಾದ್ದರಿಂದ ಸಾಸಿನೊಳಗೆ ಒತ್ತದಿದ್ದರೆ ಹಾರಿ ಕಾಯಿಲಿಗೆ ಅಂಟುತ್ತದೆ. ಅಲ್ಯೂಮಿನಿಯಂ ತಟ್ಟೆ ಬೇಡ, ಟೊಮೆಟೊ ಹುಳಿಗೆ ಅದು ಕಹಿ ಲೋಹದ ರುಚಿ ಬಿಡುತ್ತದೆ.

ಚಪಾತಿ ಇದಕ್ಕೆ ಸರಿಯಾದ ಹೊದಿಕೆಯಲ್ಲ. ಮೂಲದಲ್ಲಿ ಬಳಸುವುದು ಟೋರ್ಟಿಯಾ ಎಂಬ ಮೆಕ್ಕೆಜೋಳದ ತೆಳು ರೊಟ್ಟಿ, ಶಿಕಾರಿಪುರದ ಕಡೆಯವರು ಗೋವಿನಜೋಳ ಎನ್ನುವ ಕಾಳಿನದು. ಅಂಗಡಿಯ ಹಿಟ್ಟನ್ನು ಬಿಸಿನೀರಿನಲ್ಲಿ ಎಷ್ಟೇ ನಾದಿದರೂ ಸುರುಳಿ ಸುತ್ತುವಾಗ ಬಿರಿಯುತ್ತದೆ, ಏಕೆಂದರೆ ಗೋಧಿಯ ಜಿಗುಟು ಅದಕ್ಕಿಲ್ಲ. ಮೆಕ್ಸಿಕೋದವರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ಸಿಪ್ಪೆ ತೊಳೆದು ರುಬ್ಬುತ್ತಾರೆ. ಹಿಟ್ಟಿಗೆ ಹಿಡಿತ ಬರುವುದು ಆ ಸುಣ್ಣದಿಂದ. ನಾವು ಒಂದು ಕಿಲೋ ಕಾಳಿಗೆ ಎಲೆ ಅಡಿಕೆಯ ಸುಣ್ಣ ಸುಮಾರು 10 ಗ್ರಾಂ ಹಾಕಿ ಗ್ರೈಂಡರಿನಲ್ಲಿ ರುಬ್ಬಿದೆವು, ರೊಟ್ಟಿ ಬಿರಿಯದೆ ಮಡಚಿಕೊಂಡಿತು. ಅಷ್ಟು ಪುರುಸೊತ್ತಿಲ್ಲದ ದಿನ ಉಕ್ಕರಿಸಿ ಮಾಡಿದ ತೆಳು ಅಕ್ಕಿರೊಟ್ಟಿಯೂ ಆಗುತ್ತದೆ, ಆದರೆ ಬಿಸಿಯಿರುವಾಗಲೇ ಸುತ್ತಬೇಕು.

ಸಾಸಿಗೆ ಬ್ಯಾಡಗಿ ಮೆಣಸಿನಕಾಯಿಗಿಂತ ಉತ್ತಮವಾದುದು ನಮ್ಮ ಸೀಮೆಯಲ್ಲಿ ಸಿಗಲಾರದು. ಎಂಚಿಲಾಡ ಎಂಬ ಹೆಸರಿನ ಅರ್ಥವೇ ಮೆಣಸಿನಕಾಯಿ ಹಚ್ಚಿದ್ದು ಎಂದು; ಅಲ್ಲಿ ಬಳಸುವ ಒಣಮೆಣಸೂ ಬ್ಯಾಡಗಿಯಂತೆಯೇ ಖಾರ ಕಡಿಮೆ, ಬಣ್ಣ ಹೆಚ್ಚು. ಬೀಜ ತೆಗೆದ ಹನ್ನೆರಡು ಕಾಯಿಗಳನ್ನು ಬಿಸಿನೀರಿನಲ್ಲಿ ನೆನೆಸಿ, ಸುಟ್ಟ ಟೊಮೆಟೊ, ಬೆಳ್ಳುಳ್ಳಿ, ಜೀರಿಗೆಯೊಡನೆ ರುಬ್ಬಿ ಎಣ್ಣೆಯಲ್ಲಿ ಕುದಿಸಿದರೆ ಸಾಕು. ಹೂರಣಕ್ಕೆ ಎಳೆ ಹಲಸಿನಕಾಯಿಯನ್ನು ಬೇಯಿಸಿ ಎಳೆ ಎಳೆಯಾಗಿ ಬಿಡಿಸಿ, ಅಲಸಂದೆ ಕಾಳಿನ ಜೊತೆ ಒಗ್ಗರಣೆ ಹಾಕಿದೆವು. ಕೋಳಿ ಹಾಕಿದ್ದೇನೆಂದು ಪಕ್ಕದ ಮನೆಯವರು ಮೊದಲು ಮುಟ್ಟಲಿಲ್ಲ.

ಇನ್ನು ಯಂತ್ರದ ಕುಂದುಗಳು. ಏಳು ಅಂಗುಲದ ತಟ್ಟೆಯಲ್ಲಿ ಹಿಡಿಯುವುದು ನಾಲ್ಕೇ ಸುರುಳಿ. ಐದು ಜನರಿಗೆ ಮೂರು ಸರದಿ ಮಾಡಬೇಕು, ಒಂದೊಂದಕ್ಕೂ ಕಾಲು ಗಂಟೆ. ಕೊನೆಯ ಸರದಿ ಹೊರಬರುವಾಗ ಮೊದಲಿನದು ಆರಿ ತೊಗಲಿನಂತಾಗಿರುತ್ತದೆ. ಇದರ ಪ್ಲಗ್ಗಿಗೆ ದಪ್ಪ ಪಿನ್ನುಗಳಿರುವುದರಿಂದ ಮಿಕ್ಸಿಯ ಸಾಕೆಟ್ಟಿಗೆ ಹೊಂದದು. ಹಳೆಯ ಮನೆಯವರು ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಬೇಕಾಗುತ್ತದೆ. ವಿದ್ಯುತ್ ಖರ್ಚು ಮಾತ್ರ ಹೆದರಿಸುವಂಥದ್ದಲ್ಲ, ಒಂದು ಸರದಿಗೆ ಯೂನಿಟ್ಟಿನ ಮೂರನೇ ಒಂದು ಭಾಗವೂ ಬೇಕಾಗದು.

ನಿಜವಾದ ತೊಂದರೆ ಮಳೆಗಾಲದ್ದು. ಜೂನ್ ಕಳೆದ ಮೇಲೆ ನಮ್ಮಲ್ಲಿ ಕರೆಂಟ್ ಹೋಗುವುದಕ್ಕಿಂತಲೂ ಇದ್ದೂ ಇಲ್ಲದಂತಿರುವುದೇ ಹೆಚ್ಚು. ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಕಾಯಿಲಿನ ಶಾಖ ಕಾಲುಭಾಗವಲ್ಲ, ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು ಕುಗ್ಗುತ್ತದೆ, ಏಕೆಂದರೆ ಅದು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುವಂಥದ್ದು. 1,500 ವ್ಯಾಟಿನ ಯಂತ್ರ ಆಗ 920 ವ್ಯಾಟಿನಷ್ಟೇ ಕೆಲಸ ಮಾಡುತ್ತದೆ. ಟೈಮರ್‌ಗೆ ಇದೊಂದೂ ತಿಳಿಯದು, 6 ನಿಮಿಷಕ್ಕೆ ಗಂಟೆ ಬಾರಿಸಿ ಸುಮ್ಮನಾಗುತ್ತದೆ. ತೆರೆದು ನೋಡಿದರೆ ಚೀಸ್ ಇನ್ನೂ ಬೆವರುತ್ತಿರುತ್ತದೆ. ದೀಪ, ಫ್ಯಾನುಗಳಿಗೆಂದು ಇಟ್ಟುಕೊಂಡ ಮನೆಯ ಇನ್ವರ್ಟರ್ ಇದನ್ನು ಎಳೆಯುವುದೇ ಇಲ್ಲ.

ಹೀಗಾಗಿ ಇಬ್ಬರು ಮೂವರಿರುವ, ವೋಲ್ಟೇಜ್ ಸರಿಯಿರುವ ಮನೆಯವರು ಇದನ್ನು ಕೊಳ್ಳಬಹುದು. ನಮ್ಮಂತಹ ತುಂಬಿದ ಮನೆಗೆ ಇದು ಚಿಕ್ಕದಾಯಿತು. ಕೊಂಡ ಮೇಲೆ ತಿಳಿದ ಸಂಗತಿ ಇನ್ನೊಂದಿದೆ. ಓವನ್ನಿನಲ್ಲಿ ಚೀಸ್ ಹೊದಿಸಿ ಬೇಯಿಸುವುದು ಹೆಚ್ಚಾಗಿ ಟೆಕ್ಸಾಸ್ ಕಡೆಯ ರೂಢಿಯಂತೆ. ಮೆಕ್ಸಿಕೋದ ಹಳೆಯ ಪದ್ಧತಿಯಲ್ಲಿ ರೊಟ್ಟಿಯನ್ನು ಸಾಸಿನಲ್ಲಿ ಅದ್ದಿ, ಬಿಸಿ ಎಣ್ಣೆಯಲ್ಲಿ ಒಮ್ಮೆ ಹೊರಳಿಸಿ, ಹೂರಣ ತುಂಬಿ ಸುತ್ತಿ ಹಾಗೆಯೇ ಬಡಿಸುತ್ತಾರೆ. ಕಳೆದ ವಾರ ಒಂಬತ್ತು ಜನ ನೆಂಟರು ಬಂದಾಗ ಏರ್ ಫ್ರೈಯರನ್ನು ಮೂಲೆಗೆ ಸರಿಸಿ, ದೋಸೆ ಕಾವಲಿಯಲ್ಲೇ ಮೂವತ್ತು ಎಂಚಿಲಾಡ ಮಾಡಿದೆವು.